ಸದ್ದಿಲ್ಲದ ಫ್ಲ್ಯಾಷ್

ಜನವರಿ 21, ಸೋಮವಾರ

ಕುಮಾಸಿ ಪೇಟೆಗೆ ಹೋಗಿ ಹಳೆಯ ನಾಲ್ಕು ಕ್ಯಾಮೆರಾ ಫ್ಲ್ಯಾಷ್ ಕೊಟ್ಟು ಹೊಸ ಮೂರನ್ನು ತಂದೆ. ನಾಲ್ಕಕ್ಕೆ ಮೂರು ಎಂದರೆ ಸೋತ ಹಾಗೆ ಕಾಣುತ್ತದೆ. ಆದರೆ ಹಳೆಯದರಲ್ಲಿ ಒಂದು, ಬಡಿದರೆ ಮಾತ್ರ ಉರಿಯುತ್ತಿತ್ತು. ಇನ್ನೊಂದು ಯಾರೂ ಮುಟ್ಟದಿದ್ದರೂ ಉರಿಯುತ್ತಿತ್ತು. ಮೇಲೆ ಎಷ್ಟು ಹಣ ಹಾಕಿದೆ ಎಂದು ಇಲ್ಲಿ ಬರೆಯುವುದಿಲ್ಲ. ಮುಂದೆಂದಾದರೂ ಓದಿದರೆ ನನಗೇ ಎದೆನೋವು ಬಂದೀತು.

ಹೊಸದು ಸೋಪಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು. ತಲೆಯನ್ನು ಮೇಲಕ್ಕೆ ತಿರುಗಿಸಿಟ್ಟರೆ ಬೆಳಕು ಮೊದಲು ಚಾವಣಿಗೆ ಹೋಗಿ, ಅಲ್ಲಿಂದ ಹಾಲಿನ ಹಾಗೆ ಮುಖದ ಮೇಲೆ ಇಳಿಯುತ್ತದೆ. ಹಳೆಯವು ಪ್ರತಿ ಸಲ ಉರಿದ ಮೇಲೆ ಮತ್ತೆ ತುಂಬಿಕೊಳ್ಳುವಾಗ ಕುಂಯ್ ಎಂದು ರಾಗ ಎಳೆಯುತ್ತಿದ್ದವು. ಇದು ತುಟಿ ಬಿಚ್ಚುವುದಿಲ್ಲ.

"ಮೇಡಂ, ನೀವು ಫೋಟೋ ಹೊಡೆದಿದ್ದು ಗಿರಾಕಿಗೇ ಗೊತ್ತಾಗಲ್ಲ," ಎಂದ ಅಂಗಡಿಯವನು. ಆ ಒಂದು ಮಾತಿಗೆ ಚೌಕಾಸಿ ನಿಲ್ಲಿಸಿದೆ.

ಬೆಕ್ವಾಯ್ ಊರಿಗೆ ಈ ಫ್ಲ್ಯಾಷ್ ಮೊದಲು ಬಂದದ್ದು ನನ್ನ ಬಿರಾಗೋ ಸ್ಟುಡಿಯೋಗೆ. ಬಸ್ ನಿಲ್ದಾಣದಲ್ಲಿ ತಲೆಯ ಮೇಲೆ ಬೇಯಿಸಿದ ಮೊಟ್ಟೆ ಹೊತ್ತು ಮಾರಿದ ಬಿರಾಗೋಳ ಸ್ಟುಡಿಯೋಗೆ. ಬರುವ ದಾರಿಯಲ್ಲಿ ಮುದುಕ ಅಮೋವಾ ಜಗಲಿಯ ಮೇಲೆ ಕೂತು, ಊಟದ ತಟ್ಟೆಯಷ್ಟು ಅಗಲದ ತನ್ನ ಫ್ಲ್ಯಾಷ್ ಒರೆಸುತ್ತಿದ್ದ. ನನಗೆ ಕೆಲಸ ಕಲಿಸಿದವನು. ಕಲಿತ ಮೇಲೆ ಅವನ ಅಂಗಡಿಯ ಎದುರಿಗೇ ನಾನು ಅಂಗಡಿ ತೆಗೆದೆ. ಅವನದು ಮುಚ್ಚಿತು. ವ್ಯಾಪಾರ. ಹತ್ತೊಂಬತ್ತು ವರ್ಷದಿಂದ ಅವನು ನನ್ನನ್ನು ನೋಡಿಲ್ಲ, ಇವತ್ತೂ ನೋಡಲಿಲ್ಲ.

ಫೆಬ್ರವರಿ 2, ಶನಿವಾರ

ಕೊನಾಡುವಿನ ತಾಯಿಯ ಅಂತ್ಯಕ್ರಿಯೆ. ಊರಿನ ಅರ್ಧ ಹೆಂಗಸರು ಉಟ್ಟ ಬಟ್ಟೆ ಕೊನಾಡುವಿನ ಅಂಗಡಿಯದು, ಹಾಗಾಗಿ ಊರಿನ ಅರ್ಧ ಬಂದಿತ್ತು. ಉಳಿದರ್ಧ ಊಟಕ್ಕೆ ಬಂತು. ಬಿಳಿ ಶಾಮಿಯಾನ ಹನ್ನೆರಡು. ಕುರ್ಚಿ ಆರುನೂರು, ಅದರಲ್ಲಿ ಕಾಲು ಮುರಿದದ್ದು ಒಂಬತ್ತು.

ಹೊಸ ಫ್ಲ್ಯಾಷ್ ಮಾತು ಉಳಿಸಿಕೊಂಡಿತು. ಬೆಳಕನ್ನು ಶಾಮಿಯಾನಕ್ಕೆ ಹೊಡೆದೆ, ಅದು ಎಲ್ಲರ ಮೇಲೆ ಮೆತ್ತಗೆ ಬಿತ್ತು. ಎಂಟುನೂರಾ ಹನ್ನೆರಡು ಫೋಟೋದಲ್ಲಿ ಒಬ್ಬರೂ ಕಣ್ಣು ಮುಚ್ಚಿಲ್ಲ. ನಾನು ಅಲ್ಲಿದ್ದೇನೆಂದು ಒಬ್ಬರಿಗೂ ಗೊತ್ತಾಗಲಿಲ್ಲ. ಇಂಥ ಕೆಲಸ ರಾಜಧಾನಿ ಅಕ್ರಾದಲ್ಲಿಯೂ ಆಗುವುದಿಲ್ಲ.

ಸಾವಿನ ಮನೆಗೆ ಬಂದವರು ಕಾಣಿಕೆ ಕೊಡುವ ಹೊತ್ತಿನಲ್ಲಿ ಸತ್ತವಳ ತಮ್ಮ ಇನ್ಸಿಯಾ ಬಂದ, ಸುನ್ಯಾನಿ ಊರಿನಿಂದ. ಕೋಕೋ ತೋಟದ ದೊಡ್ಡ ಕುಳ. ಒಬ್ಬನೇ ಬಂದಿದ್ದ, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಕೆಂಪು ಪಟ್ಟಿ ಕಟ್ಟಿದ ಬಿಳಿ ಟಗರು. ಮೈಕಿನವನು ಹೆಸರು ಕೂಗಿದ. ಇನ್ಸಿಯಾ ಅಂಗಳದ ನಡುವೆ ನಿಂತ. ಅಷ್ಟು ಹೊತ್ತು ಅಲುಗದೆ ನಿಂತ ಮನುಷ್ಯನನ್ನು ನಾನು ನೋಡಿಲ್ಲ. ನನಗೆ ಅನುಕೂಲವೇ ಆಯಿತು, ನಲವತ್ತೊಂದು ಫೋಟೋ ಹೊಡೆದೆ. ಆಮೇಲೆ ಮೈಕಿನವನು ಮುಂದಿನ ಹೆಸರು ಕೂಗಿದ. ಇನ್ಸಿಯಾ ಟಗರನ್ನು ಕಂಬಕ್ಕೆ ಕಟ್ಟಿ ಹೊರಟುಹೋದ. ಊಟ ಮಾಡಲಿಲ್ಲ. ಹೊಟ್ಟೆ ಸರಿ ಇರಲಿಲ್ಲವೇನೋ.

ಫೆಬ್ರವರಿ 4, ಸೋಮವಾರ

ಹೊಟ್ಟೆಯದಲ್ಲ.

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಕೊನಾಡು ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಅವಳು ಬಟ್ಟೆ ಅಳೆಯುವ ಮೊಳದಲ್ಲೇ ಮಾತನ್ನೂ ಅಳೆಯುವವಳು. ಇವತ್ತು ಅಳೆಯಲಿಲ್ಲ.

"ಏನೇ ಬಿರಾಗೋ, ನಮ್ಮ ಮಾವ ಏನು ಮಾಡಿದ್ರು ನಿಂಗೆ?"

"ಯಾರು, ಟಗರು ತಂದವರಾ? ನಲವತ್ತೊಂದು ಫೋಟೋ ಹೊಡೆದಿದೀನಿ ಕಣೆ ಅವರದ್ದು!"

"ಯಾವಾಗ? ಫ್ಲ್ಯಾಷ್ ಎಲ್ಲಿ ಬಂತು? ನಮ್ಮನೆ ಹೆಂಗಸ್ರೆಲ್ಲಾ ಥ್ಯಾಂಕ್ಸ್ ಹೇಳೋಕೆ ಎದ್ದು ಹೋಗ್ಬೇಕಲ್ಲ, ಅವರು ಫ್ಲ್ಯಾಷ್‌ಗೆ ಕಾಯ್ತಾ ಕೂತಿದ್ರು. ಮಾವ ಅವರಿಗೆ ಕಾಯ್ತಾ ನಿಂತಿದ್ರು. ಮೈಕಿನವನು ಇಬ್ಬರನ್ನೂ ನೋಡಿ, ಏನೋ ಎಡವಟ್ಟು ಅಂತ ಮುಂದಿನ ಹೆಸರು ಕೂಗ್ದ."

ಆಗ ನನಗೆ ಹೊಳೆಯಿತು. ಈ ಊರಿನಲ್ಲಿ ಕಾಣಿಕೆ ಕೊಟ್ಟವನ ಮುಖಕ್ಕೆ ಫ್ಲ್ಯಾಷ್ ಬಿದ್ದರೇನೇ ಕಾಣಿಕೆ ಮುಟ್ಟಿದ ಹಾಗೆ. ಬಿದ್ದ ಮೇಲೆ ಹೆಂಗಸರು ಏಳುತ್ತಾರೆ, ಸಾಲಾಗಿ ಹೋಗಿ ಕೈ ಕುಲುಕುತ್ತಾರೆ. ಮಿಕ್ಕವರ ಜೊತೆ ಬಂದ ಮಕ್ಕಳು ಮೊಮ್ಮಕ್ಕಳು ಫೋನಿನ ಬೆಳಕನ್ನು ಫಳಫಳ ಹೊಡೆದಿದ್ದರು, ಅದರಿಂದ ಕೆಲಸ ನಡೆದುಹೋಗಿತ್ತು. ಇನ್ಸಿಯಾ ಒಬ್ಬನೇ ಬಂದಿದ್ದ.

"ಆಲ್ಬಮ್ಮಿನಿಂದ ನನ್ನ ತೆಗೆದುಹಾಕು ಅಂತ ನೀನೇ ಫೋಟೋದವಳಿಗೆ ಹೇಳಿದೀಯ ಅಂತ ಮಾವ ಫೋನಲ್ಲಿ ನಂಗೇ ಬೈದ್ರು ಕಣೆ," ಎಂದಳು ಕೊನಾಡು. "ಮಾರ್ಚ್ ಮೂವತ್ತಕ್ಕೆ ನಮ್ಮ ಅಚಿಯಾನ ಕೇಳೋಕೆ ಹುಡುಗನ ಕಡೆಯವರು ಮದ್ಯದ ಬಾಟಲಿ ತರ್ತಾರೆ. ಮನೆ ಹಿರಿಯರಾಗಿ ಅದನ್ನ ಕೈಯಲ್ಲಿ ಹಿಡ್ಕೋಬೇಕಾದೋರು ಮಾವ. ಅವರು ಬರಲ್ವಂತೆ. ಅವರು ಮುಟ್ಟದ ಬಾಟಲಿಗೆ ನನ್ ಮಗಳ ಮದುವೆ ಹೆಂಗಾಗುತ್ತೆ?"

ಫೋಟೋ ತೋರಿಸಿದರೆ ಮುಗಿಯಿತು ಎಂದೆ. ನಲವತ್ತೊಂದು ಸಾಕ್ಷಿ ಇರುವವರು ಹೆದರಬೇಕಿಲ್ಲ. ಪ್ರಿಂಟ್ ಹಾಕುತ್ತಿದ್ದೇನೆ. ನನ್ನ ಸ್ಟುಡಿಯೋದ ಹೆಸರಿನ ಪ್ರಶ್ನೆ, ಅಷ್ಟೇ.

ಫೆಬ್ರವರಿ 7, ಗುರುವಾರ

ಸುನ್ಯಾನಿಗೆ ಹೋಗಿ ಬಂದೆ. ವ್ಯಾನಿನಲ್ಲಿ ನನ್ನ ತೊಡೆಯ ಮೇಲೆ ಆಲ್ಬಮ್, ಪಕ್ಕದವಳ ತೊಡೆಯ ಮೇಲೆ ಎರಡು ಕೋಳಿ. ದಾರಿಯುದ್ದಕ್ಕೂ ಕೋಳಿ ಆಲ್ಬಮ್ ನೋಡುತ್ತಿತ್ತು. ಇನ್ಸಿಯಾ ಅಷ್ಟು ಹೊತ್ತು ನೋಡಲಿಲ್ಲ.

ಕನ್ನಡಕ ಹಾಕಿಕೊಂಡು ಮೊದಲ ಪುಟ ತೆರೆದ. "ಇವನ್ಯಾರು?"

"ನೀವೇ ಅಜ್ಜ."

"ನನ್ ಥರಾನೇ ಇದಾನೆ. ಒಳಗೆ ಬಾ."

ಒಳಗೆ ಗೋಡೆಯ ಮೇಲೆ ಏಳು ಫೋಟೋ. ಮದುವೆ, ತೋಟ, ಕುಲದ ಹಿರಿಯನಾಗಿ ಕುರ್ಚಿ ಏರಿದ ದಿನ. ಏಳರಲ್ಲೂ ಎದೆ ಉಬ್ಬಿದೆ, ಹೊಟ್ಟೆ ಒಳಗಿದೆ, ಕಣ್ಣು ಮುಚ್ಚಿದೆ.

"ಇವು ನನ್ನ ಫೋಟೋ," ಎಂದ. "ಬೆಳಕು ಬಿದ್ರೆ ಮನುಷ್ಯ ಕಣ್ಣು ಮುಚ್ತಾನೆ. ನಿನ್ ಪುಸ್ತಕದಲ್ಲಿರೋನು ನೋಡು, ಹೊಟ್ಟೆ ಬಿಟ್ಕೊಂಡು, ಬಾಯಿ ಬಿಟ್ಕೊಂಡು, ಬಸ್ ತಪ್ಪಿಸಿಕೊಂಡೋನ ಥರ ನಿಂತಿದಾನೆ. ಕಂಪ್ಯೂಟರಲ್ಲಿ ಮಾಡಿದೀಯ. ನನ್ನ ಅಳಿಯ ಮೊನ್ನೆ ಚಂದ್ರನ ಮೇಲೆ ನಿಂತಿರೋ ಫೋಟೋ ಕಳಿಸಿದ್ದ. ಅವನು ಸುನ್ಯಾನಿ ಬಿಟ್ಟು ಎಲ್ಲೂ ಹೋದೋನಲ್ಲ."

"ನಾನು ಅಲ್ಲೇ ಇದ್ದೆ ಅಜ್ಜ. ನಿಮ್ಮಿಂದ ನಾಲ್ಕು ಹೆಜ್ಜೆ."

"ನೀನು ಬಂದೇ ಇರಲಿಲ್ಲ."

"ಆರುನೂರು ಜನ ನಿಮ್ಮನ್ನ ನೋಡಿದಾರಲ್ಲ!"

"ನೋಡಿದಾರೆ. ಕಾದು ನಿಂತು, ಒಬ್ರೂ ಎದ್ದು ಬರದೆ, ಹಂಗೇ ವಾಪಸ್ ಹೋಗಿದ್ದನ್ನ ನೋಡಿದಾರೆ." ಕನ್ನಡಕ ತೆಗೆದು ಬಟ್ಟೆಯ ತುದಿಯಲ್ಲಿ ಒರೆಸಿದ. "ಒಂದು ತುಂಡು ಕೋಕೋ ತೋಟಕ್ಕೆ ಹನ್ನೊಂದು ವರ್ಷ ಅಕ್ಕನ ಹತ್ರ ಮಾತಾಡ್ಲಿಲ್ಲ ನಾನು. ಟಗರು ಎಳ್ಕೊಂಡು ಬಂದಿದ್ದು ಅವಳ ಹತ್ರ ಮಾತಾಡೋಕೆ. ಎಲ್ರ ಮುಂದೆ. ಮಾತು ಅರ್ಧಕ್ಕೇ ನಿಂತೋಯ್ತು."

ಆಲ್ಬಮ್ ಮುಚ್ಚಿದೆ. ನೀರು ಕುಡಿದೆ.

ಬಾಗಿಲ ತನಕ ಬಂದು ಕೇಳಿದ: "ನಿಮ್ಮೂರಲ್ಲಿ ಅಮೋವಾ ಅಂತ ಒಬ್ಬ ಇದ್ದ. ಕುರ್ಚಿ ಏರಿದ ದಿನದ ಫೋಟೋ ಅವನದ್ದು. ಸತ್ತನಾ?"

"ಇದಾನೆ."

"ಇದ್ದು ಯಾಕೆ ಬರ್ಲಿಲ್ಲ? ಅವನ ದೀಪದ ಮುಂದೆ ನಿಲ್ತೀನಿ. ಅದೇ ಅಂಗಳ, ಅದೇ ಟಗರು. ಆಮೇಲೆ ಬಾಟಲಿ ಮಾತು."

ಟಗರನ್ನು ಫೆಬ್ರವರಿ ಮೂರರಂದೇ ತಿಂದಾಗಿದೆ ಎಂದು ನಾನು ಹೇಳಲಿಲ್ಲ.

ಫೆಬ್ರವರಿ 8, ಶುಕ್ರವಾರ

ಏನೂ ಇಲ್ಲ. ಎರಡು ಪಾಸ್‌ಪೋರ್ಟ್ ಫೋಟೋ.

ಫೆಬ್ರವರಿ 13, ಬುಧವಾರ

ಅಮೋವಾನ ಮನೆಗೆ ಹೋದೆ. ನನ್ನ ಮನೆಯಿಂದ ನಾಲ್ಕು ಬೀದಿ, ಮುನ್ನೂರ ಅರವತ್ತು ಹೆಜ್ಜೆ. ಐದು ದಿನ ಹಿಡಿಯಿತು.

ಜಗಲಿಯ ಮೇಲೆ ಗೆಣಸು ಸುಲಿಯುತ್ತಿದ್ದ. ತಲೆ ಎತ್ತಲಿಲ್ಲ.

"ಮೊಟ್ಟೆ ಬೇಡ," ಎಂದ.

"ನಾನು ಬಿರಾಗೋ."

"ಗೊತ್ತು. ಅದಕ್ಕೇ ಬೇಡ ಅಂದಿದ್ದು."

ನಿಂತೇ ವಿಷಯ ಹೇಳಿದೆ. ಅವನು ಗೆಣಸನ್ನು ಪೂರ್ತಿ ಸುಲಿದು, ನೀರಿಗೆ ಹಾಕಿ, ಕೈ ಒರೆಸಿಕೊಂಡ.

"ನಿನ್ ಹೊಸ ದೀಪ ಕೂಗಲ್ವಾ?"

"ಇಲ್ಲ. ಅದೇ ಅದರ ವಿಶೇಷ."

"ಅಲ್ಲ ಕಣಮ್ಮ, ಮನೆಯೊಳಗೆ ಹೋಗೋ ಮುಂಚೆ ಬಾಗಿಲಲ್ಲಿ ನಿಂತು 'ಯಾರಿದೀರಾ' ಅಂತ ಕೂಗ್ತೀಯೋ ಇಲ್ವೋ? ಒಳಗಿರೋರು ಬಟ್ಟೆ ಸರಿ ಮಾಡ್ಕೊಳ್ಳಲಿ ಅಂತ ತಾನೇ? ಆ ಕುಂಯ್ ಅನ್ನೋ ಸದ್ದು ಅದೇ. ಅದನ್ನ ಕೇಳಿ ಮನುಷ್ಯ ಹೊಟ್ಟೆ ಒಳಗೆ ಎಳ್ಕೋತಾನೆ, ಗಲ್ಲ ಎತ್ತುತಾನೆ, ಸತ್ತೋರನ್ನ ನೆನೀತಾನೆ. ನೀನು ಕೂಗದೆ ನುಗ್ಗಿ ಮುಖ ಕಿತ್ಕೊಂಡು ಬಂದಿದೀಯ."

"ಫೋಟೋ ಚೆನ್ನಾಗಿ ಬಂದಿದೆ," ಎಂದೆ.

"ಫೋಟೋ ಯಾರು ಕೇಳಿದ್ರು ನಿನ್ನ?"

ದೀಪವನ್ನು ಬಾಡಿಗೆಗೆ ಕೊಡು ಎಂದೆ. ಕೊಡುವುದಿಲ್ಲ, ದೀಪದ ಜೊತೆ ತಾನೇ ಬರುತ್ತೇನೆ ಎಂದ. ಬ್ಯಾಟರಿ ಡಬ್ಬಿಯನ್ನು ನಾನು ಹೊರಬೇಕಂತೆ, ಅವನ ಹಿಂದೆ ನಡೆಯಬೇಕಂತೆ, ಕಲಿಯುವಾಗ ಹೊರುತ್ತಿದ್ದ ಹಾಗೆ. ನನಗೆ ನಲವತ್ತೆಂಟು ವಯಸ್ಸು. ನನ್ನ ಹೆಸರಿನ ಬೋರ್ಡಿಗೆ ಬಣ್ಣದ ದೀಪ ಇದೆ.

ಒಪ್ಪಿಕೊಂಡೆ. ಕೊನಾಡು ನನ್ನ ಹಳೆಯ ಗಿರಾಕಿ.

ಮಾರ್ಚ್ 9, ಶನಿವಾರ

ಹಿರಿಯರು ಮಾತಾಡಿ ಒಪ್ಪಿಸಿದ್ದರು. ಇನ್ಸಿಯಾ ಹತ್ತು ಗಂಟೆಗೆ ಬಂದ. ಅದೇ ಅಂಗಳ, ಶಾಮಿಯಾನ ಒಂದು, ಕುರ್ಚಿ ಐವತ್ತು, ಎಲ್ಲರೂ ಮತ್ತೆ ಸೂತಕದ ಕೆಂಪು ಕಪ್ಪು ಬಟ್ಟೆ. ಟಗರನ್ನು ದನದ ವ್ಯಾಪಾರಿ ಸಾನಿಯಿಂದ ಗಂಟೆಯ ಲೆಕ್ಕದಲ್ಲಿ ತಂದಿದ್ದೆ.

"ಫೋಟೋಗೆ ಟಗರು ಬಾಡಿಗೆಗೆ ತಗೊಳ್ಳೋರನ್ನ ಇವತ್ತೇ ನೋಡಿದ್ದು," ಎಂದಿದ್ದ ಸಾನಿ. "ಹಲ್ಲು ಕಾಣಬೇಕಾದ್ರೆ ಎಕ್ಸ್‌ಟ್ರಾ ಆಗುತ್ತೆ."

ಟಗರು ಕಪ್ಪು. ಮೊದಲಿನದು ಬಿಳಿ. ಇನ್ಸಿಯಾ ನೋಡಿದ.

"ಕಪ್ಪಾಗಿದೆ," ಎಂದ.

"ಬಿಸಿಲು ಮಾವ," ಎಂದಳು ಕೊನಾಡು.

ಸ್ವಲ್ಪ ಯೋಚಿಸಿ, "ಆಗಿರಬಹುದು," ಎಂದ.

ಮೈಕಿನವನು ಹೆಸರು ಕೂಗಿದ. ಅಮೋವಾ ಮುಂದೆ, ಡಬ್ಬಿ ಹೊತ್ತು ನಾನು ಹಿಂದೆ. ಊರಿನವರು ನೋಡುತ್ತಿದ್ದರು. ನೋಡಲಿ. ಅಮೋವಾ ಗುಂಡಿ ಒತ್ತಿದ. ಕುಂಯ್ ಎಂದು ಸದ್ದು ಕೆಳಗಿನಿಂದ ಏರಿತು. ಇನ್ಸಿಯಾನ ಹೊಟ್ಟೆ ಒಳಗೆ ಹೋಯಿತು. ಎದೆ ಬಂತು. ಬಟ್ಟೆಯನ್ನು ಎಡಭುಜದ ಮೇಲೆ ಎಳೆದುಕೊಂಡ. ಗಲ್ಲ ಎತ್ತಿ, ಅಕ್ಕ ಕೂರುತ್ತಿದ್ದ ಕುರ್ಚಿಯ ಕಡೆ ನೋಡಿದ.

ಸದ್ದನ್ನು ಟಗರೂ ಕೇಳಿತು. ತಲೆ ತಗ್ಗಿಸಿತು. ಅದಕ್ಕೆ ಆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಸರಿಯಾಗಿ ಗೊತ್ತಾಯಿತು: ನನ್ನ ಹೆಗಲಿನ ಡಬ್ಬಿಯಿಂದ. ಅದು ನುಗ್ಗಿತು, ನಾನು ಸರಿದೆ. ಅಮೋವಾ ಸರಿಯಲಿಲ್ಲ. ಬೆಳಕು ಹೊಡೆದದ್ದೂ ಅವನು ಬಿದ್ದದ್ದೂ ಒಟ್ಟಿಗೇ. ಆದರೆ ಹೊಡೆಯಿತು. ಇಡೀ ಅಂಗಳ ಬೆಳ್ಳಗಾಯಿತು. ಐವತ್ತು ಜನ ಕಣ್ಣು ಮುಚ್ಚಿದರು, ಹೆಂಗಸರು ಎದ್ದರು, ಸಾಲಾಗಿ ಹೋಗಿ ಇನ್ಸಿಯಾನ ಕೈ ಕುಲುಕಿದರು. ಅವನು ಒಬ್ಬೊಬ್ಬರ ಕೈಯನ್ನೂ ಎರಡೂ ಕೈಯಲ್ಲಿ ಹಿಡಿದ. ಅಳುತ್ತಿದ್ದ.

ಅಮೋವಾ ಮಾಸ್ಟರ್ ನೆಲದಿಂದ ಕೇಳಿದರು: "ಬಿತ್ತಾ ಬೆಳಕು?"

"ಬಿತ್ತು ಮಾಸ್ಟರ್," ಎಂದೆ.

ದೀಪದ ತಟ್ಟೆ ಮೂರು ಚೂರು. ಒಳಗಿನ ಗಾಜಿನ ಕೊಳವೆ ಪುಡಿ. ಮಾಸ್ಟರ ಮುಂಗೈ ಊದಿದೆ. ಟಗರಿಗೆ ಏನೂ ಆಗಿಲ್ಲ. ಸಾನಿ ಹಲ್ಲು ಎಣಿಸಿ ವಾಪಸ್ ತೆಗೆದುಕೊಂಡ.

ಮಾರ್ಚ್ 11, ಸೋಮವಾರ

ಮಾಸ್ಟರ ಮನೆಗೆ ಸಾರು ಕೊಟ್ಟು ಬಂದೆ. ನಮ್ಮ ಮನೆಯಲ್ಲಿ ಮಿಕ್ಕಿತ್ತು. ಒಬ್ಬಳಿಗೆ ಒಂದು ಇಡೀ ಕೋಳಿ ಕೊಯ್ದರೆ ಮಿಕ್ಕದೆ ಇನ್ನೇನು.

ಕೊಳವೆಗಾಗಿ ಕುಮಾಸಿಯ ಆರು ಅಂಗಡಿಗೆ ಫೋನ್ ಮಾಡಿದೆ. ಐದು ಕಡೆ ನಕ್ಕರು. ಆರನೆಯವನು, ಆ ಮಾಡೆಲ್ ಬಂದಾಗ ತಾನು ಹುಟ್ಟಿರಲಿಲ್ಲ ಎಂದ. ಹೊಸದು ಕೊಳ್ಳಿ, ಸದ್ದೇ ಬರುವುದಿಲ್ಲ ಎಂದ. ಅವನಿಗೆ ಏನೋ ಅಂದೆ. ಇಲ್ಲಿ ಬರೆಯುವುದು ಬೇಡ.

ಮಾರ್ಚ್ 16, ಶನಿವಾರ

ಕೊನಾಡು ಬಂದಿದ್ದಳು. ಮಾವ ಬಾಟಲಿ ಹಿಡಿಯಲು ಬರುತ್ತಾರಂತೆ.

"ಫೋಟೋಗೆ ಅಮೋವಾನ ದೀಪ ತಾನೇ ಅಂತ ಕೇಳಿದ್ರು. ಹೂಂ ಅಂದ್ಬಿಟ್ಟೆ ಕಣೆ."

"ದೀಪ ಚೂರಾಗಿದೆ."

"ಗೊತ್ತು. ಅದಕ್ಕೇ ನಿನ್ನ ಹತ್ರ ಬಂದಿದೀನಿ."

ಹೊಸ ಫ್ಲ್ಯಾಷಿನ ತಲೆಯನ್ನು ನೇರ ಮುಖಕ್ಕೆ ತಿರುಗಿಸಿ, ಪೂರ್ತಿ ಶಕ್ತಿಯಲ್ಲಿ ಅವಳ ಮೇಲೇ ಹೊಡೆದು ನೋಡಿದೆ. ಕಣ್ಣು ಮುಚ್ಚಿದಳು. ಆದರೆ ಮುಚ್ಚುವ ಮೊದಲು ಬಾಯಿ ತೆರೆದಿದ್ದಳು, ಕಳ್ಳಿಯ ಮುಖಕ್ಕೆ ಟಾರ್ಚ್ ಬಿಟ್ಟ ಹಾಗೆ ಬಂತು. ಬೆಳಕಿಗೆ ಮುಂಚೆ ಬರಬೇಕಾದದ್ದು ಬರಲಿಲ್ಲ.

ಮಾರ್ಚ್ 18, ಸೋಮವಾರ

ಮಾಸ್ಟರ್ ಈಚೆಗೆ ಮಧ್ಯಾಹ್ನ ಸ್ಟುಡಿಯೋದಲ್ಲಿ ಕೂರುತ್ತಾರೆ. ಮುಂಗೈಗೆ ಫ್ಯಾನ್ ಗಾಳಿ ಒಳ್ಳೆಯದು ಎಂದು ನಾನೇ ಹೇಳಿದೆ. ವೈದ್ಯರು ಹಾಗೇನೂ ಹೇಳಿರಲಿಲ್ಲ.

ಇವತ್ತು ಒಬ್ಬ ಡ್ರೈವರ್ ಲೈಸೆನ್ಸ್ ಫೋಟೋಗೆ ಬಂದು ಹಸಿಮಣ್ಣಿನ ಮುದ್ದೆಯ ಹಾಗೆ ಸ್ಟೂಲಿನ ಮೇಲೆ ಕೂತ. ನೇರ ಕೂರಿ ಎಂದು ಮೂರು ಸಲ ಹೇಳಿದೆ. ಆಗ ಮೂಲೆಯಿಂದ ಮಾಸ್ಟರ್ ಮೂಗಿನಲ್ಲೇ ಶುರು ಮಾಡಿದರು. ಕುಂಯ್... ಕೆಳಗಿನಿಂದ ಮೇಲಕ್ಕೆ, ಅದೇ ರಾಗ, ಅದೇ ಕೊನೆಯ ನಡುಕ. ಡ್ರೈವರ್ ಹೊಟ್ಟೆ ಎಳೆದುಕೊಂಡ, ಗಲ್ಲ ಎತ್ತಿದ, ಕಾಲರ್ ಸರಿ ಮಾಡಿದ. ಹೊಡೆದೆ. ಅವನು ಥ್ಯಾಂಕ್ಸ್ ಹೇಳಿದ. ಲೈಸೆನ್ಸ್ ಫೋಟೋಗೆ ಯಾರೂ ಇಲ್ಲಿ ತನಕ ಥ್ಯಾಂಕ್ಸ್ ಹೇಳಿರಲಿಲ್ಲ.

"ಮಾಸ್ಟರ್, ಮೂವತ್ತನೇ ತಾರೀಕು ಏನು ಮಾಡ್ತಿದೀರಾ?"

"ಎಪ್ಪತ್ತೊಂದು ವರ್ಷದೋನಿಗೆ ತಾರೀಕು ಕೇಳ್ತಾಳೆ," ಎಂದರು. "ಬಟ್ಟೆ ಒಗೆಸ್ಬೇಕು. ಆಮೇಲೆ ಖಾಲಿ."

ಮಾರ್ಚ್ 30, ಶನಿವಾರ

ಬೆಳಿಗ್ಗೆ ಎಂಟಕ್ಕೆ ಹೊರಟೆವು. ಮಾಸ್ಟರ್ ಮುಂದೆ, ಕೈಯಲ್ಲಿ ಏನೂ ಇಲ್ಲ. ನಾನು ಹಿಂದೆ, ಕೈಯಲ್ಲಿ ಎಲ್ಲಾ.

ಹುಡುಗನ ಕಡೆಯವರು ನಲವತ್ತೆರಡು ಜನ, ನಮ್ಮ ಕಡೆ ನೂರಾ ಹದಿನೇಳು. ಮಾಸ್ಟರ್ ಒಬ್ಬೊಬ್ಬರ ಮುಂದೆಯೂ ನಿಂತು ಮೂಗಿನಲ್ಲಿ ರಾಗ ಎಳೆದರು, ನಾನು ಅವರ ಭುಜದ ಮೇಲಿಂದ ನೇರ ಮುಖಕ್ಕೆ ಹೊಡೆದೆ. ಯಾರೂ ನಗಲಿಲ್ಲ. ಹುಡುಗನ ಚಿಕ್ಕಮ್ಮ ಮಾತ್ರ, "ಇವರಿಗೆ ಮೂಗಿನ ತೊಂದರೆಯಾ?" ಎಂದು ಕೇಳಿದಳು. ಕೇಳುತ್ತಲೇ ತಲೆಯ ಬಟ್ಟೆ ಸರಿ ಮಾಡಿಕೊಂಡಳು. ಹನ್ನೊಂದು ಗಂಟೆಗೆ ಮಾಸ್ಟರ ಸ್ವರ ಒಡೆಯಿತು. ಹನ್ನೆರಡಕ್ಕೆ ಬರೀ ಗಾಳಿ.

ಆಗಲೇ ಬಾಟಲಿ ಬಂತು. ಇನ್ಸಿಯಾ ಎದ್ದು ನಿಂತರು. ಅಚಿಯಾಳನ್ನು ಕರೆದು, ಇದನ್ನು ತೆಗೆದುಕೊಳ್ಳಲೇ ಎಂದು ಮೂರು ಸಲ ಕೇಳಿದರು. ಮೂರು ಸಲವೂ ಅವಳು ಹೂಂ ಎಂದಳು, ಮೂರನೆಯದು ಬೀದಿಗೂ ಕೇಳಿಸಿತು. ಇನ್ಸಿಯಾ ಬಾಟಲಿಯ ಕಡೆ ಕೈ ಚಾಚಿದರು. ಚಾಚಿದ ಕೈ ಅಲ್ಲೇ ನಿಂತಿತು. ನಮ್ಮ ಕಡೆ ತಿರುಗಿದರು.

ಮಾಸ್ಟರ್ ಬಾಯಿ ತೆರೆದರು. ಉಸಿರು ಮಾತ್ರ ಬಂತು. ಇನ್ನೊಮ್ಮೆ. ಕೆಮ್ಮು. ಮೈಕಿನವನು ಗಂಟಲು ಸರಿ ಮಾಡಿಕೊಂಡು ಮೈಕ್ ಎತ್ತಿದ. ಕೊನಾಡು ಕುರ್ಚಿಯ ಕೈ ಹಿಡಿದುಕೊಂಡು ಅರ್ಧ ಎದ್ದಿದ್ದಳು.

ನೂರಾ ಐವತ್ತೊಂಬತ್ತು ಜನರ ಮುಂದೆ ನಾನೇ ಕುಂಯ್ ಎಂದು ಕೂಗಿದೆ. ಮೊದಲು ಶ್ರುತಿ ತಪ್ಪಿತು, ಬಾವಿಯ ರಾಟೆಯ ಹಾಗೆ ಬಂತು. ಮಾಸ್ಟರ್ ನನ್ನ ಬೆನ್ನಿಗೆ ಎರಡು ಬೆರಳು ಒತ್ತಿ ಮೇಲಕ್ಕೆ ಎಂದು ತೋರಿಸಿದರು. ಏರಿಸಿದೆ. ಇನ್ಸಿಯಾ ಬಟ್ಟೆಯನ್ನು ಭುಜಕ್ಕೆ ಎಳೆದುಕೊಂಡರು. ಹೊಟ್ಟೆ ಒಳಗೆ ಹೋಯಿತು. ಗಲ್ಲ ಎದ್ದಿತು. ಅವರು ಸಿದ್ಧವಾಗುವ ತನಕ ಉಸಿರು ಬಿಡಲಿಲ್ಲ ನಾನು. ಸಿದ್ಧವಾದರು. ಹೊಡೆದೆ. ಕಣ್ಣು ಗಟ್ಟಿಯಾಗಿ ಮುಚ್ಚಿ ಬಾಟಲಿ ಹಿಡಿದರು. ಹೆಂಗಸರು ಎದ್ದು ಕೂಗು ಹಾಕಿದರು. ಕೊನಾಡು ಕೂತುಬಿಟ್ಟಳು.

ಊಟದ ಹೊತ್ತಿಗೆ ಇನ್ಸಿಯಾ ನಮ್ಮ ಮೇಜಿಗೆ ಬಂದರು. ಮಾಸ್ಟರ ಕೈ ಕುಲುಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇವತ್ತು ಬಂದೆ ನೋಡು ನೀನು," ಎಂದರು. "ನಮ್ಮಕ್ಕನ ದಿನ ಬಂದಿರಲಿಲ್ಲ."

ಆ ದಿನದ ನಲವತ್ತೊಂದು ಫೋಟೋ ಇನ್ನೂ ನನ್ನ ಚೀಲದಲ್ಲೇ ಇವೆ, ಗಂಟೆ ನಿಮಿಷ ಸಮೇತ.

"ಹೌದು ಅಜ್ಜ," ಎಂದೆ. "ಬಂದಿರಲಿಲ್ಲ."

ಯಾಕೆ ಹಾಗಂದೆನೋ ಗೊತ್ತಿಲ್ಲ. ಹಸಿವಾಗಿತ್ತು. ಅನ್ನ ಚೆನ್ನಾಗಿತ್ತು, ಮೀನಿಗೆ ಉಪ್ಪು ಕಡಿಮೆ.